ಎರಡು ಪಟ್ಟಿಯಲ್ಲಿ ನನ್ನ ಸಹಿ

ಬೇರೆಯವರ ಸಹಿಯಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಮಸ್ಕತ್ತಿನ ಹತ್ತಿರ ರುಸೈಲಿನ ಒಂದು ಕಾರ್ಖಾನೆಯ ಎಚ್.ಆರ್. ವಿಭಾಗದಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ವೀಸಾ ರಿನ್ಯೂವಲ್ಲು, ರಜೆಯ ಅರ್ಜಿ, ಮೆಡಿಕಲ್ಲು ಅಂತ ಕಾಗದ ನೋಡುತ್ತಲೇ ಇದ್ದೇನೆ. ಪಾಸ್‌ಪೋರ್ಟಿನ ಸಹಿಗೂ ಅರ್ಜಿಯ ಸಹಿಗೂ ಬಾಲದಷ್ಟು ವ್ಯತ್ಯಾಸ ಕಂಡರೂ ಸಾಕು, ಹಿಂದಕ್ಕೆ ಕಳಿಸುತ್ತೇನೆ. "ಇದು ನೀನೇ ಹಾಕಿದ್ದಾ?" ಎಂದು ಗದರಿಸುತ್ತೇನೆ. ನನ್ನ ಬೆನ್ನ ಹಿಂದೆ ಹುಡುಗರು ನನ್ನನ್ನು ಸಹಿ ಮಾಸ್ತರ್ ಎನ್ನುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಅಂಥ ನಾನೇ ಒಂದು ಸಹಿ ಹಾಕಿ, ನನ್ನ ಅತಿ ಹತ್ತಿರದ ಸ್ನೇಹಿತ ಜೀವಮಾನವಿಡೀ ಇಟ್ಟುಕೊಂಡಿದ್ದ ಆಸೆಯ ಮೇಲೆ ಮಣ್ಣು ಹಾಕಿದೆ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ. ಊಟವಾದ ಮೇಲೆ, ನನ್ನ ಮನೆಯ ಸೋಫಾದಲ್ಲೇ ಕೂತು, ನನ್ನದೇ ಪೆನ್ನಿನಿಂದ ಹಾಕಿದ್ದು.

ಅವನು ಬ್ಯಾರಿ, ನಾನು ಪೊರ್ಬು. ಬ್ಯಾರಿ ಎಂದರೆ ನಮ್ಮ ಕರಾವಳಿಯ ಮುಸ್ಲಿಂ; ಪೊರ್ಬು ಎಂದು ನಮ್ಮ ಕಡೆ ತುಳುವಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವುದು. ಊರಿನಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಹೊಳೆ ಮಾತ್ರ. ಆದರೂ ಪರಿಚಯವಾಗಲು ಇಬ್ಬರೂ ಕಡಲು ದಾಟಿ ಬರಬೇಕಾಯಿತು. ನನ್ನ ಹಳೆಯ ಕಾರಿಗೆ ಫ್ಯಾನ್ ಬೆಲ್ಟ್ ಹುಡುಕುತ್ತ ಅಲ್ ಮಬೇಲಾದಲ್ಲಿದ್ದ ಅವನ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋಗಿ ಹಿಂದಿಯಲ್ಲಿ ಕೇಳಿದೆ. ನನ್ನ ಹಿಂದಿ ಪೂರ್ತಿ ಮುಗಿಯುವುದರೊಳಗೆ ಅವನು ನಕ್ಕುಬಿಟ್ಟ.

"ಪೊರ್ಬುಗಳದ್ದು ಊರಲ್ಲಿ ಎಲ್ಲಿ ಆಯ್ತು ಮಾರ್ರೆ?"

"ಹಿಂದಿಯಲ್ಲೇ ಗೊತ್ತಾಯ್ತಾ?"

"ಆ ಹಿಂದಿ ಮಾತಾಡ್ಲಿಕ್ಕೆ ನಮ್ಮ ಊರಿನವರನ್ನು ಬಿಟ್ಟು ಬೇರೆ ಯಾರಿಗೂ ಸಾಧ್ಯ ಇಲ್ಲ," ಅಂದ.

ಅವತ್ತಿನಿಂದ ಶುರುವಾದ ಸ್ನೇಹ. ಆಮೇಲಿನ ಹದಿನಾರು ವರ್ಷ ನಮ್ಮಿಬ್ಬರದು ಒಂದೇ ಕೆಲಸ: ಓಡುವುದು ಅವನು, ಬರೆಯುವುದು ನಾನು. ಊರಿನ ಯಾವನೋ ಗಾರೆಯವನು ಮೇಲಿನಿಂದ ಬಿದ್ದು ಆಸ್ಪತ್ರೆಯಲ್ಲಿದ್ದಾನೆ ಎಂದು ಫೋನ್ ಬಂದರೆ ಅವನು ಅಂಗಡಿಯನ್ನು ಪಾಲುದಾರನಿಗೆ ಬಿಟ್ಟು ಓಡುತ್ತಿದ್ದ. ಅಲ್ಲಿಂದಲೇ ನನಗೆ, "ಯಲ್ಲಾ ಪೊರ್ಬುಗಳೇ, ಒಂದು ಲೆಟರ್ ಆಗ್ಬೇಕು," ಎಂದು ಹೇಳುತ್ತಿದ್ದ. ನಾನು ಎಂಬಸಿಗೋ ಕಂಪೆನಿಗೋ ಬರೆಯುತ್ತಿದ್ದೆ. ಸತ್ತವರನ್ನು ಊರಿಗೆ ಕಳಿಸುವ ಕಾಗದಗಳನ್ನು ನಾವಿಬ್ಬರೂ ಎಷ್ಟು ಮಾಡಿದ್ದೇವೋ, ಲೆಕ್ಕ ಇಟ್ಟವರಿಲ್ಲ. ಅವನು ಒಂದು ದಿನವೂ ಅದನ್ನು ಎಲ್ಲೂ ಹೇಳಿಕೊಂಡವನಲ್ಲ. ನಾನು ಮಾತ್ರ ಚರ್ಚಿನ ಅಂಗಳದಲ್ಲಿ ಒಂದೆರಡು ಸಲ ಕೊಚ್ಚಿಕೊಂಡದ್ದುಂಟು.

ಅವನಿಗೆ ಇದ್ದ ಹುಚ್ಚು ಒಂದೇ, ಪಕ್ಷ. ಕಾಲೇಜಿನಲ್ಲಿದ್ದಾಗಲೇ ಗೋಡೆಗೆ ಪೋಸ್ಟರ್ ಅಂಟಿಸಿದವನು. ಒಂದಲ್ಲ ಒಂದು ದಿನ ನಮ್ಮ ಕ್ಷೇತ್ರದಿಂದ ವಿಧಾನಸಭೆಗೆ ನಿಲ್ಲಬೇಕು, ಗಲ್ಫಿನಲ್ಲಿ ದುಡಿಯುವವರ ಕಷ್ಟವನ್ನು ಅಲ್ಲಿ ನಿಂತು ಮಾತಾಡಬೇಕು ಎಂಬುದು ಅವನ ಆಸೆ. ಇಲ್ಲಿ ನಾವು ರಾಜಕೀಯದ ಸಭೆ ಮಾಡುವ ಹಾಗಿಲ್ಲ. ಅದಕ್ಕೆ ಯಾರದಾದರೂ ಮಗುವಿನ ಬರ್ತ್‌ಡೇ ಅಂತ ಸೇರುತ್ತಿದ್ದೆವು. ಒಬ್ಬ ಗೆಳೆಯನ ಮಗಳಿಗೆ ಒಂದೇ ವರ್ಷದಲ್ಲಿ ನಾಲ್ಕು ಸಲ ಬರ್ತ್‌ಡೇ ಆಯಿತು. ಆ ಮಗು ಪ್ರತಿ ಸಲವೂ ಶ್ರದ್ಧೆಯಿಂದ ಕೇಕ್ ಕತ್ತರಿಸಿ, ನಮ್ಮ ಭಾಷಣ ಶುರುವಾಗುವ ಮೊದಲೇ ಮಲಗಿಬಿಡುತ್ತಿತ್ತು.

ಕಳೆದ ಚುನಾವಣೆಗೆ ನಮ್ಮ ಕ್ಷೇತ್ರದ ಹಳೆಯ ಶಾಸಕರು ಇನ್ನು ನಿಲ್ಲುವುದಿಲ್ಲ ಎಂದುಬಿಟ್ಟರು. ಟಿಕೆಟ್ಟಿಗೆ ಇಬ್ಬರು ಎದ್ದು ನಿಂತರು. ಒಬ್ಬ ಇವನು. ಇನ್ನೊಬ್ಬರು ನನ್ನದೇ ಚರ್ಚಿನ ವಠಾರದವರು, ಊರಿನಲ್ಲಿ ದೊಡ್ಡ ಕಂಟ್ರಾಕ್ಟರು. ವಿರೋಧ ಪಕ್ಷದವರ ಜತೆಗಿನ ಜಗಳವನ್ನಾದರೂ ತಡೆದುಕೊಳ್ಳಬಹುದು, ಒಂದೇ ಪಕ್ಷದ ಒಳಗಿನ ಜಗಳ ಇದೆಯಲ್ಲ, ಅದು ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ಇಲ್ಲಿ ಮಸ್ಕತ್ತಿನಲ್ಲೂ ಬರ್ತ್‌ಡೇಗಳು ಎರಡು ಬಣವಾದವು. ಯಾರ ಮಗುವಿನ ಕೇಕಿಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದೇ ಸುದ್ದಿ.

ಯಾರ ಹಿಂದೆ ಎಷ್ಟು ಕಾರ್ಯಕರ್ತರಿದ್ದಾರೆ ನೋಡೋಣ, ಬೆಂಬಲಿಗರ ಸಹಿಯ ಪಟ್ಟಿ ಕೊಡಿ, ಒಬ್ಬ ವೀಕ್ಷಕರನ್ನು ಕಳಿಸುತ್ತೇವೆ ಎಂದು ರಾಜ್ಯದ ನಾಯಕರು ಹೇಳಿದರು. ಗಲ್ಫಿನಲ್ಲಿ ಇರುವವರ ಪಟ್ಟಿಯೂ ನಡೆಯುತ್ತದೆ ಎಂದರು. ನಮಗೆ ಇಲ್ಲಿಂದ ಓಟು ಹಾಕಲು ಆಗುವುದಿಲ್ಲ ನಿಜ. ಆದರೆ ಇಲ್ಲಿಂದ ಒಬ್ಬ ಮನೆಗೆ ಫೋನ್ ಮಾಡಿ ಇಂಥವರಿಗೆ ಹಾಕಿ ಅಂದರೆ ಮನೆಯ ಐದಾರು ಓಟು ಅಲ್ಲಿಗೇ ಹೋಗುತ್ತದೆ ಎಂಬುದು ಪಕ್ಷದವರಿಗೂ ಗೊತ್ತು. ಆದ್ದರಿಂದ ಹೆಸರು, ಊರು, ಮನೆಯಲ್ಲಿ ಎಷ್ಟು ಓಟು, ಪಾಸ್‌ಪೋರ್ಟ್ ನಂಬರು, ಸಹಿ ಎಂದು ಐದು ಕಾಲಮಿನ ಹಾಳೆ. ಆ ಹಾಳೆ ಗೀಟು ಹಾಕಿ ಟೈಪ್ ಮಾಡಿದವನು ನಾನೇ.

ಮೊದಲ ಸಾಲಿನಲ್ಲಿ ನಾನೇ ಸಹಿ ಹಾಕಬೇಕು ಎಂದು ಅವನು ಹಟ ಹಿಡಿದ.

"ನಿನ್ನ ಭಾವಂದಿರು, ತಮ್ಮಂದಿರು ಎಷ್ಟು ಜನ ಇದ್ದಾರೆ ಮಾರಾಯ. ಅವರು ಹಾಕ್ಲಿ," ಅಂದೆ.

"ಅದಕ್ಕೇ ಹೇಳಿದ್ದು. ಮೊದಲ ಹೆಸರೇ ನಮ್ಮವರದ್ದಾದ್ರೆ, ಇದು ಬ್ಯಾರಿಗಳ ಪಟ್ಟಿ ಅಂತ ಬದಿಗೆ ಇಡ್ತಾರೆ. ಅದು ಒಂದು. ಮತ್ತೆ..." ಎಂದು ಸ್ವಲ್ಪ ತಡೆದು, "ನಿನ್ನ ಕೈಯಲ್ಲಿ ಶುರು ಮಾಡಿದ್ದು ಯಾವುದೂ ಹಾಳಾಗ್ಲಿಲ್ಲ ಇಷ್ಟರವರೆಗೆ," ಅಂದ.

ಹಾಕಿದೆ. ನನಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಮುಂದಿನ ಶುಕ್ರವಾರ ಬೆಳಿಗ್ಗೆಯೇ ಎದ್ದು ಇಬ್ಬರೂ ದುಕ್ಮಿಗೆ ಹೊರಟೆವು. ಅಲ್ಲಿನ ಲೇಬರ್ ಕ್ಯಾಂಪುಗಳಲ್ಲಿ ನಮ್ಮ ಕ್ಷೇತ್ರದ ಹುಡುಗರು ತುಂಬ ಇದ್ದರು. ಆರು ಗಂಟೆಯ ದಾರಿ, ಎರಡೂ ಕಡೆ ಬೋಳು ನೆಲ, ಅಪರೂಪಕ್ಕೊಂದು ಒಂಟೆ. ಅವನು ದಾರಿಯುದ್ದಕ್ಕೂ ಮಾತಾಡಿದ. ಅಂಗಡಿಯನ್ನು ಪಾಲುದಾರನಿಗೇ ಬಿಟ್ಟುಕೊಟ್ಟೆ, ವೀಸಾ ಕ್ಯಾನ್ಸಲ್ ಮಾಡಿಸುತ್ತಿದ್ದೇನೆ ಎಂದು ಹೇಳಿದ್ದು ಆ ದಾರಿಯಲ್ಲೇ. ನಾನು ಅವನ ಕಡೆ ತಿರುಗಿದೆ.

"ಟಿಕೆಟ್ ಸಿಗ್ಲಿಕ್ಕೆ ಮೊದಲೇ? ತಲೆ ಸರಿ ಉಂಟಾ ನಿಂಗೆ? ರಜೆ ಹಾಕಿ ಹೋಗು, ನೋಡುವ."

"ರಜೆ ಹಾಕಿ ಬಂದವನಿಗೆ ಯಾರು ಟಿಕೆಟ್ ಕೊಡ್ತಾರೆ? ಒಂದು ಕಾಲು ವಿಮಾನದಲ್ಲೇ ಉಂಟು ಇವನದ್ದು ಅಂತಾರೆ. ಐವತ್ತೆರಡು ಆಯ್ತು ನನಗೆ. ಈ ಸಲ ಇಲ್ಲದಿದ್ರೆ ಖಲಾಸ್, ಮತ್ತೆ ಇಲ್ಲ."

ಕ್ಯಾಂಪಿನಲ್ಲಿ ಊಟದ ಹಾಲಿನಲ್ಲೇ ಹಾಳೆ ಹರಡಿದೆವು. ಹುಡುಗರು ಮಧ್ಯಾಹ್ನದ ನಿದ್ದೆ ಬಿಟ್ಟು ಲುಂಗಿಯಲ್ಲೇ ಬಂದು ಸಾಲು ನಿಂತರು. ಅವನನ್ನು ಕಂಡವರೇ ಒಬ್ಬೊಬ್ಬರೂ ಒಂದೊಂದು ಕತೆ ತೆಗೆದರು: ಇವರು ನಮ್ಮ ಅಣ್ಣನ ಬಾಡಿ ಕಳಿಸಿಕೊಟ್ಟವರು, ಇವರು ನನ್ನನ್ನು ಆಸ್ಪತ್ರೆಯಲ್ಲಿ ನೋಡಿದವರು. ಒಬ್ಬ ಬಡಗಿ, ವಯಸ್ಸಾದವನು, ಪೆನ್ನು ಹಿಡಿದುಕೊಂಡು ಹಾಕಲೋ ಬೇಡವೋ ಎಂದು ನಿಂತ. ಪಕ್ಷದ ಕಾಗದಕ್ಕೆ ಸಹಿ ಹಾಕಿದರೆ ಇಲ್ಲಿ ಏನಾದರೂ ತೊಂದರೆ ಆದೀತೋ ಎಂಬ ಹೆದರಿಕೆ ಅವನಿಗೆ. ಹಾಳೆಯ ಮೇಲಿನ ಸಾಲು ನೋಡಿದ, ನನ್ನ ಮುಖ ನೋಡಿದ.

"ಇದು ನೀವಾ?"

"ಹೌದು."

"ಆಫೀಸಿನವರೇ ಹಾಕಿದ್ದಾರೆ ಅಂದ್ಮೇಲೆ ಮತ್ತೆಂಥ," ಅಂದು ಕೆಳಗೆ ಸಹಿ ಗೀಚಿದ. ಸಂಜೆ ಹೊರಡುವಾಗ ಹನ್ನೊಂದು ಹಾಳೆ ತುಂಬಿತ್ತು. ಅವನು ಆ ಹಾಳೆಗಳನ್ನು ಅಂಗಿಯ ಒಳಗೆ ಇಟ್ಟುಕೊಂಡು ಕೂತ. ಬ್ಯಾಗಿನಲ್ಲಿಡು ಎಂದರೆ ಕೇಳಲಿಲ್ಲ.

ಇನ್ನು ನನ್ನ ಕರ್ಮಕ್ಕೆ ಬರುತ್ತೇನೆ. ದುಕ್ಮಿಗೆ ಹೋಗಿ ಬಂದು ವಾರವೂ ಆಗಿರಲಿಲ್ಲ, ಎದುರಾಳಿ ಕಂಟ್ರಾಕ್ಟರರ ಅಣ್ಣ ಫೋನ್ ಮಾಡಿದರು. ಮಗಳ ಮನೆಗೆಂದು ಮಸ್ಕತ್ತಿಗೆ ಬಂದಿದ್ದರಂತೆ. "ಪುತಾ, ನಿನ್ನ ಮನೆಗೆ ಒಂದು ಊಟಕ್ಕೆ ಬರ್ತೇನೆ," ಎಂದರು. ಕೊಂಕಣಿಯಲ್ಲಿ ಪುತಾ ಎಂದರೆ ಮಗನೇ ಎಂದು. ಬೇಡ ಎನ್ನುವುದು ಹೇಗೆ? ನನ್ನ ಮೊದಲ ವೀಸಾ ಮಾಡಿಸಿಕೊಟ್ಟವರು ಅವರು. ನಾನು ಇಪ್ಪತ್ತಾರರ ಹುಡುಗ, ಕೈಯಲ್ಲಿ ಬರೀ ಒಂದು ಬಿ.ಕಾಂ., ಮನೆಯಲ್ಲಿ ಮದುವೆಗೆ ನಿಂತ ಇಬ್ಬರು ಅಕ್ಕಂದಿರು. ಆಗ ಇವರು ಇಲ್ಲಿ ತಮ್ಮ ಕಫೀಲನ, ಅಂದರೆ ವೀಸಾ ಕೊಡುವ ಒಮಾನಿ ಧಣಿಯ, ಹತ್ತಿರ ತಾವೇ ಹೋಗಿ, ಇವನು ನಮ್ಮ ಮನೆಯ ಹುಡುಗ ಎಂದು ಹೇಳಿ ಕರೆಸಿಕೊಂಡಿದ್ದರು. ಅದಕ್ಕೆ ಪ್ರತಿಯಾಗಿ ಈವರೆಗೆ ಏನೂ ಕೇಳಿದವರಲ್ಲ.

ಬಂದರು. ನನ್ನ ಹೆಂಡತಿ ನೀರುದೋಸೆ, ಕೋಳಿ ಸುಕ್ಕ ಮಾಡಿದ್ದಳು. ತೃಪ್ತಿಯಾಗಿ ಊಟ ಮಾಡಿದರು, ಹಳೆಯ ದಿನಗಳ ಮಾತಾಡಿದರು, ನನ್ನ ಮಗಳಿಗೆ ಕೊಂಕಣಿಯಲ್ಲಿ ಪ್ರಶ್ನೆ ಕೇಳಿದರು, ಅವಳು ಇಂಗ್ಲಿಷಿನಲ್ಲಿ ಕೊಟ್ಟ ಉತ್ತರಕ್ಕೂ ನಕ್ಕರು. ಆಮೇಲೆ ಸೋಫಾದಲ್ಲಿ ಕೂತು, ಬ್ಯಾಗಿನಿಂದ ಒಂದು ಹಾಳೆ ತೆಗೆದರು. ಅದೇ ಐದು ಕಾಲಮು.

"ನೀನು ಆ ಬ್ಯಾರಿಯ ದೋಸ್ತಿ ಅಂತ ನನಗೆ ಗೊತ್ತುಂಟು ಪುತಾ. ಅವನಿಗೆ ಹಾಕ್ಬೇಡ ಅಂತ ನಾನು ಹೇಳುದಿಲ್ಲ. ಅವನೂ ಒಳ್ಳೆ ಜನ. ಆದ್ರೆ ಊರಲ್ಲಿ ನಮ್ಮ ವಠಾರದವರು ಕೇಳ್ತಾರೆ, ನಿಮ್ಮದೇ ಹುಡುಗನ ಹೆಸರು ಯಾಕೆ ಇಲ್ಲ ಅಂತ. ನಾನು ಎಂಥ ಹೇಳ್ಲಿ? ಒಂದು ಸಹಿ ಅಷ್ಟೇ. ಎಲ್ಲೋ ನಡುವೆ ಹಾಕಿಬಿಡು. ಯಾರು ನೋಡ್ಲಿಕ್ಕುಂಟು?"

ದಾಕ್ಷಿಣ್ಯಕ್ಕೆ ಬಸುರಾದ ಹಾಗೆ ಎನ್ನುವ ಗಾದೆಯನ್ನು ನಾನು ಎಷ್ಟೋ ಜನಕ್ಕೆ ಹೇಳಿ ನಕ್ಕಿದ್ದೇನೆ. ಆಗುವುದಿಲ್ಲ ಅಂಕಲ್ ಎಂದು ಹೇಳಬೇಕಿತ್ತು. ನನ್ನ ಕೈ ತೊಳೆದ ನೀರು ಇನ್ನೂ ಆರಿರಲಿಲ್ಲ, ನನ್ನ ಅನ್ನಕ್ಕೆ ದಾರಿ ಮಾಡಿದವರು ನನ್ನ ಮನೆಯಲ್ಲಿ ಉಂಡು ಕೂತಿದ್ದಾರೆ. ಹೋಗಲಿ, ಅವನ ಪಟ್ಟಿ ಹೇಗೂ ದೊಡ್ಡದು, ಈ ಒಂದು ಹೆಸರಿನಿಂದ ಅವನಿಗೇನೂ ಕಡಿಮೆಯಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹದಿನೇಳನೆಯ ಸಾಲಿನಲ್ಲಿ ಹಾಕಿದೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಬಾಲ ಸಮೇತ.

ಅವರು ಹೋದ ಮೇಲೆ ಹೆಂಡತಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು.

"ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀರಿ. ಈಗಲೇ ನಿಮ್ಮ ದೋಸ್ತಿಗೆ ಫೋನ್ ಮಾಡಿ ಹೇಳಿ."

"ಹೇಳ್ತೇನೆ ಮಾರಾಯ್ತಿ. ಅವಸರ ಎಂಥದು?"

ಮಗಳು ಮೊಬೈಲಿನಿಂದ ತಲೆ ಎತ್ತದೆ, "ಪಪ್ಪಾ, ದಟ್ಸ್ ಚೀಟಿಂಗ್," ಅಂದಳು. ನಿನ್ನ ಕೆಲಸ ನೋಡು ಎಂದು ಅವಳ ಮೇಲೆ ರೇಗಿದೆ.

ಹೇಳಲಿಲ್ಲ. ಮರುದಿನ ಅವನ ಅಂಗಡಿಗೇ ಹೋಗಿದ್ದೆ. ಹೇಳಬೇಕೆಂದೇ ಹೋಗಿದ್ದು. ಅವನು ಎರಡು ಚಹಾ ತರಿಸಿ, ಖಾಲಿಯಾಗುತ್ತಿದ್ದ ಕಪಾಟುಗಳ ನಡುವೆ ನಿಂತು, ಗೆದ್ದರೆ ಮೊದಲು ಏನು ಮಾಡುವುದು ಎಂದು ಹೇಳುತ್ತಿದ್ದ. ಈ ಹೊತ್ತಿನಲ್ಲಿ ಬೇಡ, ನಾಳೆ ಹೇಳುವ ಎಂದುಕೊಂಡೆ. ನಾಳೆಯೂ ಹಾಗೆಯೇ ಆಯಿತು. ವಿಮಾನ ನಿಲ್ದಾಣಕ್ಕೆ ಅವನನ್ನು ಬಿಡಲು ಹೋದವನೂ ನಾನೇ. ಅಲ್ಲಿ ಅವನು ನನ್ನನ್ನು ತಬ್ಬಿಕೊಂಡು, "ಮುಂದಿನ ಸಲ ನೀನು ಬರುವಾಗ ನಮ್ಮಲ್ಲಿ ಗನ್‌ಮ್ಯಾನ್ ಇರ್ತಾನೆ, ಹೆದರ್ಬೇಡ ಆಯ್ತಾ," ಎಂದು ನಗಿಸಿದ. ಅಲ್ಲೂ ಹೇಳಬಹುದಿತ್ತು. ಬ್ಯಾಗ್ ತೂಕ ಮಾಡುವ ಸಾಲು ಉದ್ದ ಇತ್ತು, ಹತ್ತು ನಿಮಿಷ ಇಬ್ಬರೂ ಸುಮ್ಮನೇ ನಿಂತಿದ್ದೆವು. ಆ ಹತ್ತು ನಿಮಿಷದ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ನನ್ನ ಮೇಲೆಯೇ ಹೇಸಿಗೆ ಬರುತ್ತದೆ.

ವೀಕ್ಷಕರು ಬಂದದ್ದು ಒಂದು ಭಾನುವಾರ. ಊರಿನಲ್ಲಿ ಅದು ರಜೆ, ಇಲ್ಲಿ ನಮಗೆ ಕೆಲಸದ ದಿನ. ನಾನು ಮೇಜಿನ ಮೇಲೆ ಹೊಸದಾಗಿ ಬಂದ ವೆಲ್ಡರುಗಳ ಅರ್ಜಿ ಇಟ್ಟುಕೊಂಡು ಕೂತಿದ್ದೆ. ಬೆಳಿಗ್ಗೆಯೇ ಅವನು ಮೆಸೇಜು ಹಾಕಿದ್ದ: "ಇವತ್ತು ಪಟ್ಟಿ ಕೊಡುದು. ದುವಾ ಮಾಡು." ನಾನು ಕೈಮುಗಿದ ಚಿತ್ರ ಕಳಿಸಿದ್ದೆ. ಹನ್ನೊಂದರ ಹೊತ್ತಿಗೆ ಊರಿನ ನಂಬರಿನಿಂದ ನೇರ ಫೋನು ಬಂತು. ವಾಟ್ಸಾಪಿನಲ್ಲಿ ಇಲ್ಲಿ ಮಾತಾಡಲು ಬರುವುದಿಲ್ಲ, ಮೆಸೇಜು ಮಾತ್ರ; ದುಬಾರಿಯ ನೇರ ಫೋನು ಬಂತೆಂದರೆ ಊರಿನಲ್ಲಿ ಯಾರೋ ಹೋದರು ಎಂದೇ ಅರ್ಥ. ಗಡಿಬಿಡಿಯಲ್ಲಿ ಎತ್ತಿದೆ.

ಗೊತ್ತಿಲ್ಲದ ದನಿ, ಬಯಲುಸೀಮೆಯ ಕನ್ನಡ. "ನಾನು ಪಕ್ಷದ ವೀಕ್ಷಕ ಮಾತಾಡ್ತಿರೋದು. ನೀವು ಒಮಾನ್‌ನಲ್ಲಿರೋರು ತಾನೆ? ನಿಮ್ಮ ಸಹಿ ನನ್ನ ಮುಂದೆ ಎರಡು ಕಡೆ ಇದೆ. ಒಂದು ಪಟ್ಟೀಲಿ ಮೊದಲನೇದು, ಇನ್ನೊಂದರಲ್ಲಿ ಹದಿನೇಳನೇದು. ಎರಡೂ ನೀವೇ ಹಾಕಿದ್ದಾ?"

ಅಲ್ಲಿ ಏನು ನಡೆದಿದೆ ಎಂಬುದು ನನಗೆ ಒಂದಿಷ್ಟೂ ಗೊತ್ತಿರಲಿಲ್ಲ. ಎದುರಿಗೆ ವೆಲ್ಡರುಗಳ ಸಹಿಗಳು ಬಿದ್ದಿದ್ದವು. ಸಹಿಯ ವಿಷಯದಲ್ಲಿ ನಾನು ಸುಳ್ಳು ಹೇಳಿದವನಲ್ಲ. ಹೇಳದೆ ಇಟ್ಟದ್ದು ಸಾಕು, ಕೇಳಿದಾಗಲಾದರೂ ನಿಜ ಹೇಳುವ ಅನ್ನಿಸಿತು.

"ಹೌದು ಸರ್, ಎರಡೂ ನನ್ನದೇ," ಅಂದೆ.

ಆ ಕಡೆ ಒಂದು ದೊಡ್ಡ ಗದ್ದಲ ಎದ್ದಿತು. ಯಾರೋ ಚಪ್ಪಾಳೆ ತಟ್ಟಿದರು, ಯಾರೋ ನಕ್ಕರು. ಫೋನು ಸ್ಪೀಕರಿನಲ್ಲಿದೆ, ಒಂದು ಹಾಲಿನ ತುಂಬ ಜನ ನನ್ನ ಮಾತು ಕೇಳುತ್ತಿದ್ದಾರೆ ಎಂಬುದು ಆಗ ತಿಳಿಯಿತು. ಗದ್ದಲದ ನಡುವಿನಿಂದ ಅವನ ದನಿ ಬಂತು.

"ಪೊರ್ಬುಗಳೇ, ಸರಿ ಕೇಳಿದ್ಯಾ? ಎರಡು ಪಟ್ಟಿ ಅಂತ ಕೇಳಿದ್ದು ಅವರು. ಸರಿ ನೆನಪು ಮಾಡಿ ಹೇಳು ಮಾರಾಯ."

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಕಟ್ಟಾಯಿತು.

ನಡೆದದ್ದೇನೆಂದು ಸಂಜೆ ಅವನ ತಮ್ಮ ಹೇಳಿದ. ನಮ್ಮ ಪಟ್ಟಿ ಎದುರಿನವರ ಪಟ್ಟಿಗಿಂತ ಎಷ್ಟೋ ದೊಡ್ಡದಿತ್ತು. ವೀಕ್ಷಕರು ದುಕ್ಮಿನ ಹಾಳೆಗಳನ್ನು ಒಂದೊಂದಾಗಿ ತಿರುವಿ ತಲೆದೂಗಿದ್ದರು. ಆಗ ಆ ಕಡೆಯವರೊಬ್ಬರು ಎದ್ದು, ಇವರ ಮೊದಲನೆಯ ಹೆಸರೇ ನಮ್ಮ ಪಟ್ಟಿಯಲ್ಲೂ ಇದೆ, ಉಳಿದದ್ದು ಹೇಗಿರಬಹುದು ನೋಡಿ ಎಂದು ನಕ್ಕರು. ಇವನಿಗೆ ರೇಗಿಹೋಯಿತು. ಅದು ನಕಲಿ ಸಹಿ ಎಂದು ಕೂಗಿದ. ಆ ಪೊರ್ಬು ನನಗೆ ಹದಿನಾರು ವರ್ಷದಿಂದ ಗೊತ್ತು, ಅವನು ಅಂಥ ಕೆಲಸ ಮಾಡುವವನೇ ಅಲ್ಲ, ಬೇಕಾದರೆ ಈಗಲೇ ಫೋನ್ ಮಾಡಿ, ಆ ಸಹಿ ಅವನದೇ ಆದರೆ ಇದೇ ಕ್ಷಣ ನಾನು ಹಿಂದೆ ಸರಿಯುತ್ತೇನೆ ಎಂದು ಎಲ್ಲರ ಎದುರು ಅಂದುಬಿಟ್ಟ.

ಅವನಾಡಿದ ಮಾತಿಗೆ ಅವನು ಯಾವತ್ತೂ ತಪ್ಪಿದವನಲ್ಲ. ಮಾತಾಡಿದರೆ ಹೋಯಿತು, ಮುತ್ತೊಡೆದರೆ ಹೋಯಿತು. ಹಿಂದೆ ಸರಿಯಬೇಡಿ, ಆವೇಶದಲ್ಲಿ ಬಂದ ಮಾತು ಅದು, ಬಿಡಿ ಎಂದು ವೀಕ್ಷಕರೇ ಹೇಳಿದರಂತೆ. ಇವನು ಕೇಳಲಿಲ್ಲ. ಹನ್ನೊಂದು ಹಾಳೆಯನ್ನೂ ಒಟ್ಟು ಮಾಡಿ ಅಂಗಿಯ ಒಳಗೆ ಇಟ್ಟುಕೊಂಡು ಹೊರಗೆ ನಡೆದನಂತೆ. ಟಿಕೆಟ್ಟು ಕಂಟ್ರಾಕ್ಟರರಿಗೆ ಆಯಿತು. ಅವರು ಚುನಾವಣೆಯಲ್ಲಿ ಗೆದ್ದರೋ ಸೋತರೋ ಎಂಬುದು ಇಲ್ಲಿ ಮುಖ್ಯವಲ್ಲ. ನನಗೆ ಆ ದಿನ ಟಿ.ವಿ. ನೋಡಲೂ ಮನಸ್ಸಿರಲಿಲ್ಲ.

ಇಲ್ಲಿನ ಬ್ಯಾರಿ ಗೆಳೆಯರು ನನ್ನ ಎದುರಿಗೇನೂ ಹೇಳಲಿಲ್ಲ. ಕಡೆಗೂ ಪೊರ್ಬು ಪೊರ್ಬುವಿಗೇ ಆದ ಎಂದು ಹಿಂದಿನಿಂದ ಆಡಿಕೊಂಡದ್ದು ಕಿವಿಗೆ ಬಿತ್ತು. ಜಾತಿಗಾಗಿ ನಾನು ಆ ಸಹಿ ಹಾಕಲಿಲ್ಲ ಎಂದು ಯಾರ ಹತ್ತಿರ ಹೋಗಿ ಹೇಳಲಿ? ದಾಕ್ಷಿಣ್ಯಕ್ಕೆ ಹಾಕಿದೆ ಎಂದರೆ ಅದು ಅದಕ್ಕಿಂತ ದೊಡ್ಡ ನಗೆಪಾಟಲು. ದುಕ್ಮಿನ ಆ ಬಡಗಿ ಯಾರಿಂದಲೋ ನನ್ನ ನಂಬರು ತೆಗೆದುಕೊಂಡು ಫೋನು ಮಾಡಿ, "ಸಾರ್, ನಮ್ಮ ಸಹಿ ಎಂಥ ಆಯ್ತು?" ಎಂದು ಕೇಳಿದ. ಬೈಯಲಿಲ್ಲ ಮಾರಾಯರೇ, ಬರೀ ಕೇಳಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ಸ್ನೇಹಿತ ಮಾತ್ರ ಒಂದು ತಿಂಗಳು ಮಾತಾಡಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ, ಏನೂ ಆಗಿಲ್ಲ ಎಂಬಂತೆ, ಹೂವಿನ ಚಿತ್ರದ ಶುಭೋದಯ ಕಳಿಸಿದ. ಆಮೇಲೆ ದಿನವೂ ಕಳಿಸಿದ. ಆ ವಿಷಯ ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊರಿನ ಪೇಟೆಯಲ್ಲಿ ಅವನ ತಮ್ಮನದೊಂದು ಟಯರ್ ಅಂಗಡಿ ಇದೆ, ಅಲ್ಲಿ ಕೂರುತ್ತಾನೆ ಎಂದು ಕೇಳಿದೆ.

ಮುಂದಿನ ವರ್ಷ ರಜೆಯಲ್ಲಿ ಹೋದಾಗ, ಏನಾದರಾಗಲಿ ಎಂದು ಹೊಳೆ ದಾಟಿ ಅವನ ಮನೆಗೆ ಹೋದೆ. ವಿಮಾನದಲ್ಲಿ ಬರುವಾಗಲೇ ಹೇಳಬೇಕಾದ ಮಾತನ್ನು ನಾಲ್ಕು ಸಲ ಬಾಯಿಪಾಠ ಮಾಡಿದ್ದೆ: ನಾನೇ ಹಾಕಿದ್ದು, ನಿನಗೆ ಹೇಳಲಿಲ್ಲ, ನನ್ನದು ತಪ್ಪಾಯಿತು. ಅಷ್ಟೇ, ಮೂರು ತುಂಡು. ಅವನು ಬಾಗಿಲಿಗೇ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ತೆಳ್ಳಗಾಗಿದ್ದ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವನ ಹೆಂಡತಿ ತುಪ್ಪದನ್ನ, ಬಂಗುಡೆ ಪುಳಿಮುಂಚಿ ಬಡಿಸಿದಳು. ಅವರಿಬ್ಬರೂ ಮಬೇಲಾದಲ್ಲಿದ್ದ ವರ್ಷಗಳಲ್ಲಿ ಈ ತಂಗಿಯ ಕೈಯ ಊಟ ನಾನು ಎಷ್ಟು ಉಂಡಿದ್ದೇನೋ. ಆ ದಿನ ಅವಳು ನನ್ನ ಮುಖ ನೋಡದೇ ಬಡಿಸಿದಳು.

ಅರ್ಧ ಊಟದಲ್ಲಿ ಅವನು ಕೈ ನಿಲ್ಲಿಸಿದ.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ಆ ದಿನ ಫೋನಿನಲ್ಲಿ ಮಾತಾಡುವಾಗ ನಿನ್ನ ಹತ್ತಿರ ಯಾರೋ ಇದ್ರಲ್ವಾ? ಅವರ ಕಡೆಯವರು? ನಿನ್ನ ಕೆಲಸಕ್ಕೆ ಕಲ್ಲು ಹಾಕ್ತೇವೆ ಅಂತ ಹೆದರಿಸಿ ಹಾಗೆ ಹೇಳಿಸಿದ್ದಲ್ವಾ?"

ನಾನು ತಟ್ಟೆಯ ಬಂಗುಡೆಯ ಮುಳ್ಳು ಬಿಡಿಸುತ್ತ ಕೂತೆ.

"ಎಲ್ಲರಿಗೂ ನಾನು ಅದೇ ಹೇಳಿದ್ದು. ಸಹಿ ನಕಲಿಯೇ, ಪಾಪ ಅವನು ಹೆದರಿ ಹೌದು ಅಂದ ಅಂತ. ಜನ ನಗ್ತಾರೆ ಮಾರಾಯ. ನಗ್ಲಿ. ನಿನ್ನ ಬಾಯಲ್ಲಿ ಒಂದ್ಸಲ ಕೇಳ್ಬೇಕು ನನಗೆ. ಹೌದಾ ಅಲ್ವಾ?"

ಬಾಯಿಪಾಠ ಮಾಡಿದ ಮೂರು ತುಂಡು ಮಾತೂ ನಾಲಿಗೆಯ ತುದಿಯಲ್ಲೇ ಇತ್ತು. ಅವನು ನನ್ನನ್ನೇ ನೋಡುತ್ತಿದ್ದ, ಅನ್ನದ ಕೈ ತಟ್ಟೆಯ ಮೇಲೆ ಹಾಗೇ ನಿಂತಿತ್ತು. ನನ್ನ ಹಾಳು ಬಾಯಿ, ನನ್ನ ಹಾಳು ದಾಕ್ಷಿಣ್ಯ!

"ಹೌದು," ಅಂದೆ.

"ನೋಡಿದ್ಯಾ!" ಎಂದು ಅವನು ಮೇಜಿಗೆ ಗುದ್ದಿ ಹೆಂಡತಿಯ ಕಡೆ ತಿರುಗಿದ. "ನಾನು ಹೇಳ್ಲಿಲ್ವಾ? ನಾನು ಹೇಳ್ಲಿಲ್ವಾ ನಿಂಗೆ?" ಅವನ ಕಣ್ಣಲ್ಲಿ ನೀರು ಬಂದಿತ್ತು. ಎಡಗೈಯಿಂದ ಒರೆಸಿಕೊಂಡು, ನಗುತ್ತ, ಇನ್ನೊಂದು ಬಂಗುಡೆ ಹಾಕಿಸಿಕೊಂಡು ಗಬಗಬ ಉಂಡ. ಪಕ್ಷದ ಮೇಲೆ ನನಗೀಗ ಯಾವ ಸಿಟ್ಟೂ ಇಲ್ಲ, ಮನುಷ್ಯನೊಬ್ಬ ಮೋಸ ಮಾಡಲಿಲ್ಲ ಎಂದು ಗೊತ್ತಾದರೆ ಸಾಕು ಅಂದ. ನಾನು ಉಂಡೆನೆಂದು ಶಾಸ್ತ್ರ ಮಾಡಿ ಎದ್ದೆ.

ಅವನು ಕೈ ತೊಳೆಯಲು ಹಿತ್ತಿಲ ಕಡೆ ಹೋದ. ಅವನ ಹೆಂಡತಿ ನನ್ನ ಹಿಂದೆಯೇ ಗೇಟಿನವರೆಗೆ ಬಂದಳು. ಶಾಲನ್ನು ತಲೆಯ ಮೇಲೆ ಸರಿಮಾಡಿಕೊಂಡು, ದನಿ ತಗ್ಗಿಸಿ ಮಾತಾಡಿದಳು.

"ಅಣ್ಣಾ, ನಿಮ್ಮ ಹೆಂಡತಿ ಟಿಕೆಟ್ ಹೋದ ವಾರವೇ ನನಗೆ ಫೋನ್ ಮಾಡಿದ್ರು. ಅತ್ತುಕೊಂಡು ಎಲ್ಲ ಹೇಳಿದ್ರು. ಕಂಟ್ರಾಕ್ಟರರ ಅಣ್ಣ ಊಟಕ್ಕೆ ಬಂದದ್ದು, ನೀವು ಸಹಿ ಹಾಕಿದ್ದು, ಎಲ್ಲ. ನಾನು ಇವರಿಗೆ ಹೇಳ್ಲಿಲ್ಲ. ಟಿಕೆಟ್ ಹೋದದ್ದನ್ನು ಹೇಗಾದ್ರೂ ತಡ್ಕೊಂಡ್ರು. ಇದನ್ನು ತಡ್ಕೊಳ್ಳುದಿಲ್ಲ ಅವರು."

ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ತಂಗೀ..." ಅಂದೆ.

"ಇವತ್ತು ನೀವು ಹಾಗೆ ಹೇಳಿದ್ದು ಒಳ್ಳೆದೇ ಆಯ್ತು. ಇನ್ನು ಸ್ವಲ್ಪ ನಿದ್ದೆ ಮಾಡ್ತಾರೆ. ಆದ್ರೆ ಇನ್ನು ನಮ್ಮಲ್ಲಿಗೆ ಬರುದು ಬೇಡ ಅಣ್ಣಾ. ನಿಮ್ಮನ್ನು ನೋಡಿಕೊಂಡು ಸುಮ್ಮನಿರ್ಲಿಕ್ಕೆ ನನ್ನ ಕೈಯಲ್ಲಿ ಆಗುದಿಲ್ಲ."

ಆಯಿತು ಎಂದು ತಲೆಯಾಡಿಸಿದೆ. ಅಷ್ಟರಲ್ಲಿ ಒಳಗಿನಿಂದ ಅವನ ದನಿ ಕೇಳಿಸಿತು. "ಪೊರ್ಬು ಎಲ್ಲಿ ಹೋದ? ಚಹಾ ಕುಡಿದೇ ಹೋಗುದು ಅಂತ ಹೇಳು ಅವನಿಗೆ!"

ಅವಳು ನನ್ನ ಮುಖ ನೋಡಿದಳು. ನಾನು ಅವಳಿಂದ ಎರಡು ಮಾರು ದೂರದಲ್ಲಿ, ಚಪ್ಪಲಿ ಮೆಟ್ಟಿಕೊಂಡು, ಗೇಟಿನ ಒಳಗೇ ನಿಂತಿದ್ದೆ.

"ಅವರು ಹೋಗಿ ಆಯ್ತು," ಎಂದು ಅವಳು ಒಳಗೆ ಕೂಗಿ ಹೇಳಿದಳು.